ಗಾಯಾಳು ಡಿಫೆಂಡರ್ ಫಾರ್ವರ್ಡ್ ಆದ: ಚಿನ್ನ ತಂದ ಕೋಚ್ ರಹೀಂ ಸಾಹೇಬರು

1962ರ ಜಕಾರ್ತಾ ಏಷ್ಯನ್ ಗೇಮ್ಸ್. ಭಾರತದ ರಕ್ಷಣಾ ಗೋಡೆ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಲಾಗಿತ್ತು. ಬೇರೆ ಕೋಚ್ ಆಗಿದ್ದರೆ ವಿಶ್ರಾಂತಿ ಕೊಡುತ್ತಿದ್ದರೇನೋ. ಸೈಯದ್ ಅಬ್ದುಲ್ ರಹೀಂ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿ ಆಡಿಸಿದರು! ಸೆಮಿಫೈನಲ್‌ನಲ್ಲೂ ಫೈನಲ್‌ನಲ್ಲೂ ಜರ್ನೈಲ್ ಗೋಲು ಹೊಡೆದರು. ಲೀಗ್‌ನಲ್ಲಿ ಭಾರತವನ್ನು 2-0ರಿಂದ ಸೋಲಿಸಿದ್ದ ದಕ್ಷಿಣ ಕೊರಿಯಾ ಫೈನಲ್‌ನಲ್ಲಿ 2-1ರಿಂದ ಸೋತಿತು.

1909ರಲ್ಲಿ ಹೈದರಾಬಾದ್‌ನಲ್ಲಿ ಹುಟ್ಟಿದ ರಹೀಂ ವೃತ್ತಿಯಲ್ಲಿ ಶಾಲಾ ಶಿಕ್ಷಕ. ಕೋಚ್ ಆಗಿ ಅವರು ಕಟ್ಟಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ ಮುಂಬೈನ ರೋವರ್ಸ್ ಕಪ್ ಅನ್ನು 1950ರಿಂದ 1954ರವರೆಗೆ ಸತತ ಐದು ಬಾರಿ ಗೆದ್ದಿತು. ಕಪ್ ಗೆದ್ದ ಮೊದಲ ಭಾರತೀಯ ತಂಡ ಮಾತ್ರ ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ.

ರಾಷ್ಟ್ರೀಯ ತಂಡದ ಹೊಣೆ ಸಿಕ್ಕ ಮೇಲೆ 1951ರಲ್ಲಿ ದೆಹಲಿ ಏಷ್ಯನ್ ಗೇಮ್ಸ್ ಚಿನ್ನ ಬಂತು. ಮರುವರ್ಷವೇ ಹೆಲ್ಸಿಂಕಿಯಲ್ಲಿ ಆಘಾತ. ಹೆಚ್ಚಿನವರು ಬರಿಗಾಲಲ್ಲೇ ಆಡಿದ ಒಲಿಂಪಿಕ್ಸ್ ಪಂದ್ಯದಲ್ಲಿ ಯುಗೊಸ್ಲಾವಿಯಾ 10-1ರಿಂದ ಗೆದ್ದಿತು. ಆಮೇಲೆ ಬೂಟು ಕಡ್ಡಾಯವಾಯಿತು. ತಂಡದ ರಚನೆಯನ್ನೂ ರಹೀಂ ಬದಲಿಸುತ್ತಾ ಹೋದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಬಾರಿಸಿದ್ದು ಆ ಪಂದ್ಯದಲ್ಲೇ. ಮುಂದೆ ನಾಲ್ವರು ಡಿಫೆಂಡರ್‌ಗಳ 4-2-4 ಪದ್ಧತಿಯನ್ನು ಅವರು ಅಳವಡಿಸಿದರು.

ಜಕಾರ್ತಾಕ್ಕೆ ಹೊರಟಾಗಲೇ ರಹೀಂ ಅವರ ಆರೋಗ್ಯ ಹದಗೆಟ್ಟಿತ್ತು. ಚಿನ್ನ ಗೆದ್ದು ಒಂಬತ್ತೇ ತಿಂಗಳಿಗೆ, 1963ರ ಜೂನ್ 11ರಂದು, ಶ್ವಾಸಕೋಶದ ಕ್ಯಾನ್ಸರ್‌ನಿಂದ ನಿಧನರಾದರು. ಏಷ್ಯನ್ ಗೇಮ್ಸ್ ಫುಟ್ಬಾಲ್ ಚಿನ್ನ ಭಾರತಕ್ಕೆ ಮತ್ತೆ ದಕ್ಕಿಲ್ಲ.