ಗಾಳಿಯ ಲೆಕ್ಕ ತಪ್ಪದಂತೆ ಕಾದ ಅನ್ನಾ ಮಣಿ

ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ನಮ್ಮ ಶಿಪ್ಪಿಂಗ್ ಆಫೀಸು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಟೀವಿಯಲ್ಲಿ ಬಂದರೆ ಸಾಕು, ಹಾಸನದಿಂದ ಅಮ್ಮನ ಫೋನು ಬರುತ್ತದೆ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ಈ ಊರಿಗೇ ಅಪ್ಪಳಿಸಿದ್ದನ್ನು ಇಲ್ಲಿಯ ಸಹೋದ್ಯೋಗಿಗಳು ಇನ್ನೂ ಮರೆತಿಲ್ಲ. ಮುನ್ಸೂಚನೆ ಇದ್ದುದರಿಂದ ಸಾವಿರಾರು ಜನರನ್ನು ಮೊದಲೇ ತೀರದಿಂದ ಸಾಗಿಸಲಾಗಿತ್ತು.

ಇವತ್ತು ಹವಾಮಾನದ ಮುನ್ಸೂಚನೆಯನ್ನು ದುಡ್ಡಿಗೆ ಮಾರುವ ಕಂಪನಿಗಳಿವೆ. ಬಂದರಿನ ಕ್ರೇನ್ ನಿಲ್ಲಿಸಬೇಕೋ ಬೇಡವೋ ಎಂದು ಗಾಳಿಮಾಪಕ ನೋಡಿ ತೀರ್ಮಾನಿಸುವಾಗಲೆಲ್ಲ ನನಗೆ ನೆನಪಾಗುವವರು ಮಾತ್ರ ಅನ್ನಾ ಮಣಿ. ಅಳತೆಯೇ ತಪ್ಪಿದ್ದರೆ ಯಾವ ಮುನ್ಸೂಚನೆಗೂ ಬೆಲೆಯಿಲ್ಲ ಎಂದು ನಂಬಿ ಬದುಕಿದವರು ಅವರು.

1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದರು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಹೋದರೆ, ಬೇಡ ಎಂದು ವಿಶ್ವಕೋಶ ಕೇಳಿ ಪಡೆದ ಹುಡುಗಿ. ಮುಂದೆ ಸಂಶೋಧನೆಗೆ ಸಿಕ್ಕಿದ್ದೂ ವಜ್ರವೇ! 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಧ್ಯಯನ ಮಾಡಿದರು. ಐದು ಪ್ರಬಂಧಗಳನ್ನು ಒಬ್ಬರೇ ಬರೆದರು. ಆದರೂ ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ.

ಅವರು ಅದಕ್ಕಾಗಿ ಕೊರಗುತ್ತ ಕೂರಲಿಲ್ಲ. 1945ರಲ್ಲಿ ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಆಗ ಉಪಕರಣಗಳು ಹೆಚ್ಚಾಗಿ ವಿದೇಶದಿಂದ ಬರುತ್ತಿದ್ದವು. ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಒಂದೇ ಮಾನಕಕ್ಕೆ ತಂದು, ಇಲ್ಲಿಯೇ ತಯಾರಾಗುವಂತೆ ಮಾಡಿದರು. ಒಂದೂರಿನ ಮಾಪಕ ಒಂದು ಹೇಳಿ, ಪಕ್ಕದೂರಿನದು ಮತ್ತೊಂದು ಹೇಳಿದರೆ ಹವಾಮಾನದ ನಕ್ಷೆ ಬರೆಯುವುದಾದರೂ ಹೇಗೆ? ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ವಾಸಿ ಎಂಬುದು ಅವರ ನಿಲುವು. 1957–58ರಲ್ಲಿ ದೇಶದ ಹಲವೆಡೆ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ತುಂಬಾ ರಾಕೆಟ್ ಕೇಂದ್ರಕ್ಕೂ ಹವಾಮಾನ ವೀಕ್ಷಣಾಲಯ ರೂಪಿಸಿದರು.

1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರು. ಅಲ್ಲಿ ಗಾಳಿಯ ವೇಗ, ಸೌರಶಕ್ತಿ ಅಳೆಯುವ ಉಪಕರಣಗಳ ಪುಟ್ಟ ತಯಾರಿಕಾ ಘಟಕವನ್ನು ಸ್ವಂತವಾಗಿ ಆರಂಭಿಸಿದರು. ಪಿಂಚಣಿ ಪಡೆದು ವಿಶ್ರಾಂತಿ ಪಡೆಯುವ ವಯಸ್ಸಿನಲ್ಲಿ ಉದ್ಯಮಿಯಾದರು! ಗಾಳಿ, ಬಿಸಿಲಿನಿಂದ ಎಲ್ಲಿ ಎಷ್ಟು ವಿದ್ಯುತ್ ಸಿಗಬಹುದೆಂದು ತಿಳಿಯಲು ನೆರವಾಗುವ ಅಂಕಿಅಂಶಗಳ ಗ್ರಂಥಗಳೂ ಅವರಿಂದ ಬಂದವು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.

ಹೊರಊರಿಗೆ ದುಡಿಯಲು ಬಂದ ನಮ್ಮನ್ನೂ ಕಾಗದ ನೋಡಿ ತೂಗುವವರು ಸಿಗುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಅದು ಚುಚ್ಚಿದ್ದುಂಟು. ತಮ್ಮನ್ನು ಅಳೆದ ಕೋಲು ಸರಿಯಿಲ್ಲದಿದ್ದರೂ ತಾವು ಹಿಡಿದ ಕೋಲನ್ನು ಒಂದಿಷ್ಟೂ ಡೊಂಕಾಗಲು ಬಿಡದವರು ಅನ್ನಾ ಮಣಿ. ಮೊನ್ನೆ ಮಳೆ ಹಿಡಿದಾಗ ಅಮ್ಮ ಮತ್ತೆ ಫೋನ್ ಮಾಡಿದ್ದರು. ಗಾಳಿಯ ಲೆಕ್ಕ ಇಡುವವರು ಇದ್ದಾರಮ್ಮ, ಹೆದರಬೇಡಿ ಎಂದೆ.