ಹೊನ್ನಾವರದ ಹಡಗು ಹತ್ತಿದ ಇಬನ್ ಬತೂತ



ನಮ್ಮ ಹಿಂಡಲಗಾದಾಗ ಸಮುದ್ರ ಇಲ್ಲ. ಆದರೆ ಊರ ಹಾದು ಹೋಗುವ ರಸ್ತೆ ಘಟ್ಟ ಇಳಿದು ವೆಂಗುರ್ಲಾ ಬಂದರಿಗೆ ಹೋಗುತ್ತದೆ. ಖಾನಾಪುರದ ಕಡೆಯಿಂದ ಘಟ್ಟ ಇಳಿದರೆ ಗೋವಾ. ಅಲ್ಲಿಂದ ದಂಡೆ ಹಿಡಿದು ದಕ್ಷಿಣಕ್ಕೆ ಹೋದರೆ ಕಾರವಾರ, ಅದರ ಆಚೆ ಹೊನ್ನಾವರ. ಸುಮಾರು 680 ವರ್ಷಗಳ ಹಿಂದೆ ಹೊನ್ನಾವರದಿಂದ ಗೋವಾಕ್ಕೆ ಹೊರಟ ಹಡಗುಗಳ ಜೊತೆ ದೂರದ ಆಫ್ರಿಕಾ ಖಂಡದ ಒಬ್ಬ ಅತಿಥಿಯೂ ಇದ್ದ. ಅವನೇ ಇತಿಹಾಸದ ಪುಸ್ತಕದಲ್ಲಿ ನಾವು ಹೆಸರು ಓದುವ ಇಬನ್ ಬತೂತ.

ಇಬನ್ ಬತೂತ 1304ರಲ್ಲಿ ಮೊರಾಕ್ಕೊ ದೇಶದ ಟಾಂಜಿಯರ್ ಊರಿನಲ್ಲಿ ಹುಟ್ಟಿದ. ಅವನ ಮನೆತನದವರು ನ್ಯಾಯಾಧೀಶರು. 1325ರಲ್ಲಿ, 21ನೇ ವಯಸ್ಸಿಗೆ, ಮೆಕ್ಕಾ ಯಾತ್ರೆಗೆಂದು ಮನೆ ಬಿಟ್ಟ. ಯಾತ್ರೆ ಮುಗಿದರೂ ತಿರುಗಾಟದ ಹುಚ್ಚು ಬಿಡಲಿಲ್ಲ. ಈಜಿಪ್ಟ್, ಅರಬಸ್ಥಾನ, ಪರ್ಷಿಯಾ, ಪೂರ್ವ ಆಫ್ರಿಕಾದ ದಂಡೆ ಎಲ್ಲಾ ಸುತ್ತಿ 1333ರಲ್ಲಿ ಸಿಂಧೂ ನದಿ ಮುಟ್ಟಿದ. ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಅವನನ್ನು ನ್ಯಾಯಾಧೀಶನನ್ನಾಗಿ ನೇಮಿಸಿದ. ಕೆಲವು ವರ್ಷ ಕಳೆದ ಮೇಲೆ ಚೀನಾದ ಚಕ್ರವರ್ತಿಗೆ ಕಾಣಿಕೆ ಒಯ್ಯುವ ರಾಯಭಾರಿಯಾಗಿ ಕಳಿಸಿದ.

ಗುಜರಾತಿನಲ್ಲಿ ಹಡಗು ಹತ್ತಿದವನು ಗೋವಾ, ಹೊನ್ನಾವರ, ಬಾರಕೂರು, ಮಂಗಳೂರು ನೋಡುತ್ತ ಕಲ್ಲಿಕೋಟೆಗೆ ಬಂದ. ಅಲ್ಲಿ ಚೀನಾದ 13 ಹಡಗುಗಳು ನಿಂತಿದ್ದವು. ದೊಡ್ಡ ಹಡಗಿಗೆ 12 ಹಾಯಿ. ಆ ಹಾಯಿಗಳು ಬಟ್ಟೆಯವಲ್ಲ, ಚಾಪೆಯ ಹಾಗೆ ಹೆಣೆದ ಬಿದಿರಿನವು. ಒಂದೊಂದರಲ್ಲಿ 1000 ಜನ ಇರುತ್ತಿದ್ದರಂತೆ. ಗಾಳಿ ತಿರುಗಲಿ ಎಂದು ಮೂರು ತಿಂಗಳು ಕಾಯಬೇಕಾಯಿತು. ಆಗ ಇಬನ್ ಬತೂತ ದೊಡ್ಡ ಮನುಷ್ಯ, ಹಡಗಿನಲ್ಲಿ ಅತಿಥಿ. ತನಗೆ ಬೇಕಾದಂಥ ಕೋಣೆ ಸಿಗಲಿಲ್ಲ ಅಂತ ಸಾಮಾನನ್ನೆಲ್ಲ ಬೇರೆ ಸಣ್ಣ ಹಡಗಿಗೆ ಹಾಕಿಸಿದ. ಶುಕ್ರವಾರದ ಪ್ರಾರ್ಥನೆಗೆಂದು ತಾನು ದಂಡೆಯ ಮೇಲೇ ಉಳಿದ. ಆಗಲೇ ಬಿರುಗಾಳಿ ಬಂತು. ಕಾಣಿಕೆ ಇದ್ದ ಹಡಗು ಒಡೆದು ಜನ ಸತ್ತರು. ಅವನ ಸಾಮಾನು ಇದ್ದ ಹಡಗು ಅವನನ್ನು ಬಿಟ್ಟು ಹೊರಟೇ ಹೋಯಿತು. ಕೈಯಲ್ಲಿ ಉಳಿದದ್ದು 10 ದೀನಾರು, ಒಂದು ಹಾಸು. ದಿಲ್ಲಿಗೆ ಬರಿಗೈಲೆ ಹೋಗಲು ಸುಲ್ತಾನನ ಹೆದರಿಕೆ. ಹಾಗಾಗಿ ತಿರುಗಿ ಹೊನ್ನಾವರಕ್ಕೆ ಬಂದ.

ಹೊನ್ನಾವರದಲ್ಲಿ ಆಗ ಜಮಾಲುದ್ದೀನ್ ಎಂಬ ಸುಲ್ತಾನ. ಅಲ್ಲಿಯ ಜನರ ಬದುಕೆಲ್ಲ ಸಮುದ್ರದ ವ್ಯಾಪಾರದ ಮೇಲೆ. ಆ ಊರಿನಲ್ಲಿ ಗಂಡುಹುಡುಗರಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಇದ್ದವೆಂದು ಇಬನ್ ಬತೂತ ಬರೆಸಿದ್ದಾನೆ. ನಮ್ಮ ಶಾಲೆಯ ಹುಡುಗಿಯರು ಈ ಲೆಕ್ಕ ನೆನಪಿಟ್ಟುಕೊಳ್ಳಬೇಕು! ಊಟಕ್ಕೆ ಅನ್ನ, ತುಪ್ಪ, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ಮೀನು, ಕೋಳಿ, ಕಡೆಗೆ ಮೊಸರು. ಒಮ್ಮೆ 11 ತಿಂಗಳು ರೊಟ್ಟಿ ಕಾಣದೆ ಬರೇ ಅನ್ನ ಉಂಡನಂತೆ. ರೊಟ್ಟಿ ತಿಂದು ಬೆಳೆದ ನಮಗ ಆ ಕಷ್ಟ ಗೊತ್ತಾಗತೈತಿ.

ಅಷ್ಟರಲ್ಲಿ ಗೋವಾದ ಅರಸನಿಗೂ ಅವನ ಮಗನಿಗೂ ಜಗಳ ಬಂತು. ಮಗ ಹೊನ್ನಾವರದ ಸಹಾಯ ಬೇಡಿದ. ಸುಲ್ತಾನ 52 ಹಡಗು ಸಜ್ಜು ಮಾಡಿದ. ತನ್ನ ಧರ್ಮದ ಪುಣ್ಯ ಬರಲೆಂದು ಇಬನ್ ಬತೂತನೂ ಹೊರಟ. ಈ ಸಲ ಕೋಣೆ ಕೇಳಲಿಲ್ಲ, ಆಳು ಇರಲಿಲ್ಲ. ಶನಿವಾರ ಹತ್ತಿದವರು ಸೋಮವಾರ ಸಂಜೆ ಗೋವಾದ ಹೊಳೆಯ ಬಾಯಿ ಮುಟ್ಟಿದರು. ಮರುದಿನ ಬೆಳಿಗ್ಗೆ ನಗಾರಿ, ಕಹಳೆ ಮೊಳಗಿದವು. ದಂಡೆಯಿಂದ ಯಂತ್ರಗಳು ಕಲ್ಲು ಎಸೆದವು. ಸುಲ್ತಾನನ ಹತ್ತಿರ ಇದ್ದವರಿಗೇ ಕಲ್ಲು ಬಡಿಯಿತು. ಹಡಗಿನವರು ಕತ್ತಿ ಗುರಾಣಿ ಹಿಡಿದು ನೀರಿಗೆ ಹಾರಿದರು. ಅವರ ಸಂಗಡ ಇವನೂ ಹಾರಿದ! ಎರಡು ಹಡಗುಗಳ ಹಿಂಬದಿ ತೆರೆದಿತ್ತು. ಒಳಗೇ ಕುದುರೆ ಏರಿದ ಸವಾರರು ಅಲ್ಲಿಂದ ನೇರ ಹೊರಗೆ ಬಂದರು. ಊರು ಗೆದ್ದರು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಕೆಲವು ತಿಂಗಳ ಮೇಲೆ ಸೋತ ಅರಸ ತಿರುಗಿ ಬಂದು ಊರಿಗೆ ಮುತ್ತಿಗೆ ಹಾಕಿದ. ಆಗ ಇಬನ್ ಬತೂತ ಅಲ್ಲಿಂದ ಹೊರಬಿದ್ದು ಕಲ್ಲಿಕೋಟೆಗೆ ಹೋದ. ಅವನು ಅತಿಥಿ, ಹೋಗಬಹುದಿತ್ತು. ಆ ಊರಿನ ಜನ ಎಲ್ಲಿಗೆ ಹೋಗಬೇಕು? ಹುಟ್ಟು ಹಾಕಿದವರು, ಹಾಯಿ ಕಟ್ಟಿದವರು, ನೀರಿಗೆ ಹಾರಿದವರು ಯಾರ್ಯಾರೋ, ಅವರ ಹೆಸರು ಪುಸ್ತಕದಲ್ಲಿಲ್ಲ.

ಮುಂದೆ ಅವನು ಮಾಲ್ಡೀವ್ಸಿನಲ್ಲಿ ನ್ಯಾಯಾಧೀಶನಾದ. ಶ್ರೀಲಂಕಾ ನೋಡಿ ಮರಳುವಾಗ ಹೊನ್ನಾವರ ಮತ್ತು ಬಾರಕೂರಿನ ನಡುವೆ 12 ಹಡಗಿನ ಕಳ್ಳರು ಸುತ್ತುವರಿದು, ಉಟ್ಟ ಇಜಾರ ಒಂದು ಬಿಟ್ಟು ಎಲ್ಲಾ ದೋಚಿದರು. ಬರೆದಿಟ್ಟ ಕಾಗದಗಳೂ ಹೋದವು. ಆದರೂ ಚೀನಾ ಕಂಡು 1349ರಲ್ಲಿ ತನ್ನ ದೇಶ ಸೇರಿದ. ಅರಸನ ಅಪ್ಪಣೆಯಂತೆ ಇಬನ್ ಜುಝಯ್ಯ್ ಎಂಬ ಪಂಡಿತನಿಗೆ ನೆನಪಿನಿಂದ ಹೇಳಿ ಬರೆಸಿದ. 1355ರಲ್ಲಿ ಪುಸ್ತಕ ಮುಗಿಯಿತು. 1368-69ರ ಸುಮಾರಿಗೆ ತೀರಿಕೊಂಡ.

ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದ ಹಡಗುಗಳ ಬಗ್ಗೆಯೂ ಅವನು ಹೇಳಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಸ್ವಲ್ಪ ಬಾಗಿ ತಾಳುತ್ತದೆ ಅಂತ. ಇದು ಬರೇ ಹಳೆಯ ಮಾತಲ್ಲ. ಗೋವಾದಲ್ಲಿ ಹಾಗೆಯೇ ಹೊಲಿದು ಕಟ್ಟಿದ ಕೌಂಡಿನ್ಯ ಎಂಬ ಹಾಯಿಹಡಗು 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನಮ್ಮ ನೌಕಾಪಡೆಗೆ ಸೇರಿತು.

ಮಿತ್ರರೇ, ಪ್ರವಾಸ ಹೋದಾಗ ಅತಿಥಿಯಂತೆ ಕೂಡಬೇಡಿ, ಎಲ್ಲರ ಸಂಗಡ ಕೈಗೂಡಿಸಿರಿ. ತಿರುಗಿ ಬಂದ ಮೇಲೆ ಕಂಡದ್ದನ್ನು ಬರೆಯಿರಿ. ಬರೆಯುವಾಗ ನಿಮ್ಮ ಬಸ್ಸು ನಡೆಸಿದವರ, ಅಡಿಗೆ ಮಾಡಿ ಬಡಿಸಿದವರ ಹೆಸರನ್ನೂ ಕೇಳಿ ಬರೆಯಿರಿ.