ಗುಡಾರದಲ್ಲಿ ಬೆಳೆದ ಗಾಯಕಿ : ಜೀನಿ ರಾಬರ್ಟ್‌ಸನ್

ಸ್ಕಾಟ್ಲೆಂಡ್ ದೇಶದ ಈಶಾನ್ಯ ಕರಾವಳಿಯಲ್ಲಿ ಅಬರ್ಡೀನ್ ಎಂಬ ನಗರವುಂಟು. ಅಲ್ಲಿ 1908ರಲ್ಲಿ ಜನಿಸಿದ ಜೀನಿ ರಾಬರ್ಟ್‌ಸನ್ ಎಂಬಾಕೆಯು ಬಾಳಿನ ಮೊದಲ ನಾಲ್ವತ್ತೈದು ವರ್ಷಗಳನ್ನು ಅಜ್ಞಾತಳಾಗಿಯೇ ಕಳೆದು, ತರುವಾಯ ಆ ನಾಡಿನ ಜಾನಪದ ಗಾಯಕರಲ್ಲಿ ಅಗ್ರಗಣ್ಯಳೆನಿಸಿದಳು.

ಆಕೆಯ ಬಂಧುವರ್ಗದವರು ಅಲೆಮಾರಿಗಳು. ಚಳಿಗಾಲದಲ್ಲಿ ಊರೊಳಗಣ ವಾಸ. ಬೇಸಗೆ ಬಂದಿತೆಂದರೆ ಗುಡಾರ ಹೊತ್ತು ಡೀ, ಡಾನ್ ನದಿಗಳ ಬದಿಯಲ್ಲಿ ಸಂಚಾರ, ಬ್ಲೇರ್‌ಗೌರಿಯ ತೋಟಗಳಲ್ಲಿ ಹಣ್ಣು ಬಿಡಿಸುವ ಕೂಲಿ. ತಗಡಿನ ಪಾತ್ರೆ ಮಾಡುವ ಇವರ ಹಿರಿಯರ ಕಸುಬಿನ ಹೆಸರೇ ಜನರ ಬಾಯಲ್ಲಿ ಬೈಗುಳವಾಗಿತ್ತು. ದುಡಿಮೆಯ ಹೆಸರು ಬೈಗುಳವಾದುದು ಆ ನಾಡಿಗೆ ಶೋಭೆ ತಂದ ಮಾತಲ್ಲ. ಆದರೆ ಇದೇ ಜನರ ಬೆಂಕಿಯ ಸುತ್ತ ರಾತ್ರಿಯ ಹೊತ್ತು ಶತಮಾನಗಳ ಕಥನಗೀತಗಳು ಉಸಿರಾಡುತ್ತಿದ್ದವು. ತಾಯಿ ಮರಿಯಾ ಸ್ಟೂವರ್ಟಳಿಂದಲೇ ಜೀನಿಗೆ ಹಾಡುಗಳು ಬಂದವು, ಕಿವಿಯಿಂದ ಕಿವಿಗೆ, ಬರಹದ ಹಂಗಿಲ್ಲದೆ. ಕೈಹಿಡಿದ ಡೊನಾಲ್ಡ್ ಹಿಗಿನ್ಸನು ಬ್ಯಾಗ್‌ಪೈಪ್ ಎಂಬ ತಿದಿವಾದ್ಯದಲ್ಲಿ ನುರಿತವನು.

ಇಲ್ಲೊಂದು ವಿಷಯವನ್ನು ವಾಚಕರು ಗಮನಿಸಬೇಕು. ಗೇವಿನ್ ಗ್ರೇಗ್ ಎಂಬ ಉಪಾಧ್ಯಾಯನೂ ಜೇಮ್ಸ್ ಡಂಕನ್ ಎಂಬ ಪಾದ್ರಿಯೂ ಅದೇ ಸೀಮೆಯಲ್ಲಿ, ಆಕೆಯ ಬಾಲ್ಯದ ಕಾಲದಲ್ಲೇ, ಸಹಸ್ರಾರು ಹಾಡುಗಳನ್ನು ಸಂಗ್ರಹಿಸಿದ್ದರು. ಶ್ರದ್ಧಾವಂತರು, ಸಂದೇಹವಿಲ್ಲ. ಆದರೆ ಅವರ ಹೆಜ್ಜೆಗಳು ಒಕ್ಕಲುಮನೆಗಳ ಕಡೆಗೆ ನಡೆದಷ್ಟು ಗುಡಾರಗಳ ಕಡೆಗೆ ನಡೆಯಲಿಲ್ಲ.

ಆ ಲೋಪವು ತೀರಿದುದು 1953ರಲ್ಲಿ. ಎಡಿನ್‌ಬರೋ ವಿಶ್ವವಿದ್ಯಾಲಯದ ಹ್ಯಾಮಿಶ್ ಹೆಂಡರ್‌ಸನ್ ಎಂಬ ವಿದ್ವಾಂಸನು ಸಂತೆಯಲ್ಲಿ ಆಕೆಯ ಹೆಸರನ್ನು ಕೇಳಿ, ಗ್ಯಾಲೋಗೇಟ್ ಬೀದಿಯ ಮನೆಯ ಬಾಗಿಲು ತಟ್ಟಿದನು. ದಣಿದಿದ್ದ ಆಕೆಗೆ ಅಪರಿಚಿತನನ್ನು ಒಳಗೆ ಕರೆಯುವ ಮನಸ್ಸಿರಲಿಲ್ಲ. ಅವನು ಹೊಸ್ತಿಲಲ್ಲೇ ನಿಂತು ಹಾರ್ಲಾ ಯುದ್ಧದ ಹಾಡನ್ನು ತೊಡಗಿದನೆಂದೂ, ಅದು ಸರಿಯಾದ ಪಾಠವಲ್ಲವೆಂದು ಆಕೆ ಒಳಗೆ ಕರೆದು ತಾನೇ ಹಾಡಿ ತೋರಿಸಿದಳೆಂದೂ ಹೇಳುತ್ತಾರೆ. ವಿದ್ವಾಂಸನನ್ನು ತಿದ್ದುವ ಅಧಿಕಾರ ಅವಳಿಗಿತ್ತು. ಅಂದಿನ ಹಾಡುಗಾರಿಕೆಯು ಬಹಳ ಹೊತ್ತು ನಡೆಯಿತು.

ಅದೇ ವರ್ಷ ಲಂಡನ್ನಿನಲ್ಲಿ ಅಮೆರಿಕದ ಆಲನ್ ಲೊಮ್ಯಾಕ್ಸನು ಆಕೆಯ ಧ್ವನಿಯನ್ನು ಮುದ್ರಿಸಿಕೊಂಡನು. ಮುಂದೆ ಧ್ವನಿಮುದ್ರಿಕೆಗಳೂ ಸಭೆಗಳೂ ಬಂದವು. ವಾದ್ಯದ ನೆರವಿಲ್ಲದೆ ಹಾಡುವುದು ಆಕೆಯ ರೀತಿ. ಸೋದರನನ್ನು ಕೊಂದು ಬಂದ ಮಗನನ್ನು ಅವನ ಕತ್ತಿಗಂಟಿದ ರಕ್ತದ ವಿಷಯವಾಗಿ ತಾಯಿ ಮತ್ತೆ ಮತ್ತೆ ಕೇಳುವ ಪುರಾತನ ಕಥನಗೀತವೊಂದುಂಟು. ಹಾರ್ವರ್ಡಿನ ಫ್ರಾನ್ಸಿಸ್ ಚೈಲ್ಡ್ ಎಂಬ ಪಂಡಿತನು 1882ರಿಂದ 1898ರವರೆಗೆ ಪ್ರಕಟಿಸಿದ 305 ಗೀತಗಳಲ್ಲಿ ಅದೂ ಒಂದು. ಪಂಡಿತರು ಗ್ರಂಥದಲ್ಲಿ ಹುಡುಕುತ್ತಿದ್ದುದು ಜೀನಿಯ ಕಂಠದಲ್ಲಿ ಜೀವಂತವಾಗಿತ್ತು. ಆಕೆಗೆ ಅದು ನಡೆದ ಸಂಗತಿ, ಆ ತಾಯಿಯ ಸಂಕಟ ನಿಜವಾದ ಸಂಕಟ.

ಕಲಿಯಬಂದವರಿಗೆ ಆಕೆಯ ಮನೆಯಲ್ಲಿ ಅಡ್ಡಿಯಿರಲಿಲ್ಲ. ರೇ ಫಿಷರ್ ಎಂಬ ಗ್ಲಾಸ್ಗೋದ ತರುಣಿಯು ಕೆಲವು ವಾರ ಅಲ್ಲಿಯೇ ತಂಗಿ ಹಾಡು ಕಲಿತಳು. 1968ರಲ್ಲಿ ಬ್ರಿಟಿಷ್ ಸರಕಾರವು ಎಂ.ಬಿ.ಇ. ಎಂಬ ಗೌರವವನ್ನಿತ್ತಿತು. 1975ರ ಮಾರ್ಚಿಯಲ್ಲಿ ಜೀನಿಯು ಅಬರ್ಡೀನಿನಲ್ಲೇ ಕಾಲವಾದಳು.

ಮೀನಿನ ಉದ್ಯಮದಲ್ಲಿ ಕೂಲಿ ಮಾಡುತ್ತಿದ್ದ ಮಗಳು ಲಿಜ್ಜಿ ಹಿಗಿನ್ಸ್ ಸಂಕೋಚದ ಸ್ವಭಾವದವಳು; ತಾಯಿಯ ಕೀರ್ತಿಯ ನೆರಳಲ್ಲಿ ಬಹುಕಾಲ ಮೌನವಾಗಿದ್ದು ಆ ಮೇಲೆ ಸಭೆಗೆ ಬಂದಳು. ತಾಯಿಯ ಹಾಡುಗಳಿಗೆ ತಂದೆಯ ತಿದಿವಾದ್ಯದ ಬಳುಕುಗಳನ್ನು ಬೆರೆಸಿ ಆಕೆ ತನ್ನದೇ ಜಾಡಿನಲ್ಲಿ ಹಾಡಿದಳು.